ಗಿಫ್ಟೆಡ್ ಕ್ಲಾಸ್ ತೆಗೆದು ಎಲ್ಲರಿಗೂ ಆನರ್ಸ್ ಅಂತೆ. ಈ ಅರ್ಜಿಗೆ ಸಹಿ ಹಾಕಲೋ ಬೇಡವೋ?

ಹಾಸನದ_ಹುಡುಗಿ
ಎಲ್ಲರಿಗೂ ನಮಸ್ಕಾರ. ಅಮೆರಿಕದಲ್ಲಿ ಮಿಡಲ್ ಸ್ಕೂಲ್ ಮಕ್ಕಳಿರುವ ಅಪ್ಪ ಅಮ್ಮಂದಿರು ದಯವಿಟ್ಟು ಓದಿ. ಸ್ವಲ್ಪ ಉದ್ದ ಇದೆ.

ನಾವಿರುವುದು ಈಸ್ಟ್ ಕೋಸ್ಟ್‌ನಲ್ಲಿ. ಮಗ ಎಂಟನೇ ಕ್ಲಾಸು, ಮಗಳು ಆರನೇ ಕ್ಲಾಸು. ಮಗ ಎರಡನೇ ಕ್ಲಾಸಿನಲ್ಲಿದ್ದಾಗ ಕೋಗ್ಯಾಟ್ ಎಂಬ ಬುದ್ಧಿ ಪರೀಕ್ಷೆ ಬರೆದು ಗಿಫ್ಟೆಡ್ ಆದ, ಅಂದರೆ ಬೇಗ ಕಲಿಯುವ ಮಕ್ಕಳ ಪ್ರತ್ಯೇಕ ಕ್ಲಾಸಿಗೆ ಆಯ್ಕೆಯಾದ. ಮಗಳು ಬರೆಯುವ ಹೊತ್ತಿಗೆ ಜ್ವರದಿಂದ ಎದ್ದು ಎರಡು ದಿನ ಆಗಿತ್ತು ಅಷ್ಟೇ. ಎರಡು ಅಂಕದಲ್ಲಿ ತಪ್ಪಿತು. ಅಂದಿನಿಂದ ಬೆಳಿಗ್ಗೆ ಒಂದೇ ಸ್ಟಾಪಿಗೆ ಎರಡು ಬಸ್ ಬರುತ್ತಿದ್ದವು. ಗಿಫ್ಟೆಡ್ ಸೆಂಟರ್ ಇರುವ ಶಾಲೆಗೆ ಒಂದು, ನಮ್ಮ ಏರಿಯಾದ ಶಾಲೆಗೆ ಇನ್ನೊಂದು. ಮಗಳು ಅಣ್ಣನ ಬಸ್ಸಿಗೆ ‘ಜಾಣರ ಬಸ್’ ಎಂದು ಹೆಸರಿಟ್ಟಿದ್ದಳು. ನಾವು ಯಾರೂ ಹೇಳಿಕೊಟ್ಟಿದ್ದಲ್ಲ.

ಈಗ ನಮ್ಮ ಸ್ಕೂಲ್ ಡಿಸ್ಟ್ರಿಕ್ಟ್ (ಈ ಭಾಗದ ಸರ್ಕಾರಿ ಶಾಲೆಗಳನ್ನು ನಡೆಸುವ ಆಡಳಿತ) ಒಂದು ಪ್ರಸ್ತಾಪ ಇಟ್ಟಿದೆ. ಮುಂದಿನ ವರ್ಷದಿಂದ ಏಳು ಮತ್ತು ಎಂಟನೇ ಕ್ಲಾಸಿನಲ್ಲಿ ಪ್ರತ್ಯೇಕ ಗಿಫ್ಟೆಡ್ ಕ್ಲಾಸ್ ಇರುವುದಿಲ್ಲ. ಗಣಿತ, ವಿಜ್ಞಾನ, ಇಂಗ್ಲಿಷ್, ಸೋಷಿಯಲ್ ನಾಲ್ಕರಲ್ಲೂ ಆನರ್ಸ್, ಅಂದರೆ ಮಾಮೂಲಿಗಿಂತ ಕಷ್ಟದ ಪಾಠದ ಕ್ಲಾಸ್, ಇರುತ್ತದೆ. ಯಾರು ಬೇಕಾದರೂ ಸೇರಬಹುದು, ಪರೀಕ್ಷೆ ಇಲ್ಲ. ಇದರ ವಿರುದ್ಧ ನಮ್ಮ ಕನ್ನಡ ಕೂಟದ ವಾಟ್ಸಾಪ್ ಗುಂಪಿನಲ್ಲಿ ಅರ್ಜಿ ಓಡಾಡುತ್ತಿದೆ. ಗೊತ್ತಿರುವವರೆಲ್ಲ ಸಹಿ ಹಾಕಿದ್ದಾರೆ. ನನ್ನ ಗಂಡನೂ ಹಾಕಿದ್ದಾರೆ. ನನಗೆ ಕೈ ಬರುತ್ತಿಲ್ಲ.

ಕಾರಣ ಹೇಳುತ್ತೇನೆ. ನಾನು ಓದಿದ ಹೈಸ್ಕೂಲಿನಲ್ಲಿ ಮಾರ್ಕ್ಸ್ ನೋಡಿ ಎ, ಬಿ, ಸಿ ಸೆಕ್ಷನ್ ಮಾಡುತ್ತಿದ್ದರು. ನಾನು ಸಿ. ಒಳ್ಳೆಯ ಗಣಿತದ ಮೇಷ್ಟ್ರು ಎ ಸೆಕ್ಷನ್‌ಗೆ ಮಾತ್ರ. ಸಿ ಸೆಕ್ಷನ್‌ಗೆ ಅರ್ಧ ವರ್ಷ ಯಾರೂ ಬರಲೇ ಇಲ್ಲ. ಎ ಸೆಕ್ಷನ್ ಗೆಳತಿಯ ನೋಟ್ಸನ್ನು ಸಂಜೆ ಅವಳ ಮನೆ ಜಗಲಿಯಲ್ಲಿ ಕೂತು ಬರೆದುಕೊಳ್ಳುತ್ತಿದ್ದೆ. ಎಸ್ಸೆಸ್ಸೆಲ್ಸಿ ಗಣಿತದಲ್ಲಿ ಅವಳಿಗಿಂತ ಜಾಸ್ತಿ ಬಂತು. ಹಾಗಾಗಿ ಬಾಗಿಲು ಮುಚ್ಚುವ ಯಾವ ಪದ್ಧತಿಯ ಮೇಲೂ ನನಗೆ ನಂಬಿಕೆ ಇಲ್ಲ. ಆದರೆ ಮಗನಿಗೆ ಆ ಕ್ಲಾಸಿನಿಂದ ತುಂಬಾ ಒಳ್ಳೆಯದಾಗಿದೆ, ಅದೂ ನಿಜ. ನೀವೇನು ಹೇಳುತ್ತೀರಿ?

ಎರಡು_ಮಕ್ಕಳ_ಅಪ್ಪ
ಸಹಿ ಹಾಕಿ ಮೇಡಂ. ಯೋಚನೆಯೇ ಬೇಡ.

ನನ್ನ ದೊಡ್ಡವನು ಮೂರನೇ ಕ್ಲಾಸಿನಲ್ಲಿ ದಿನಾ ಹೊಟ್ಟೆನೋವು ಎನ್ನುತ್ತಿದ್ದ. ಡಾಕ್ಟರ್ ಹತ್ತಿರ ಎರಡು ಸಲ ಹೋದೆವು, ಏನೂ ಇಲ್ಲ. ಆಮೇಲೆ ಗೊತ್ತಾಯಿತು. ಹತ್ತು ನಿಮಿಷದಲ್ಲಿ ಲೆಕ್ಕ ಮುಗಿಸಿ ಉಳಿದ ಹೊತ್ತು ಬಣ್ಣ ಹಚ್ಚುತ್ತಾ ಕೂರುತ್ತಿದ್ದ. ಗಿಫ್ಟೆಡ್ ಕ್ಲಾಸಿಗೆ ಹೋದ ಮೇಲೆ ಹೊಟ್ಟೆನೋವು ನಿಂತಿತು. ಅಲ್ಲಿ ಅವನ ತರಹವೇ ಕಪ್ಪು ಕುಳಿಯ ಬಗ್ಗೆ ಮಾತಾಡುವ ಇನ್ನಿಬ್ಬರು ಸಿಕ್ಕರು. ಬೇಗ ಕಲಿಯುವ ಮಗುವಿಗೂ ಶಾಲೆಯಲ್ಲಿ ದಿನಾ ಏನಾದರೂ ಹೊಸದು ಸಿಗಬೇಕಲ್ಲ? ಎಲ್ಲರಿಗೂ ಆನರ್ಸ್ ಎಂದರೆ ಯಾರಿಗೂ ಆನರ್ಸ್ ಇಲ್ಲ ಎಂದೇ ಅರ್ಥ.

ಬೇಏರಿಯಾ_ಕನ್ನಡಿಗ
ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಗಿಫ್ಟೆಡ್ ತೆಗೆದು ಏನಾಯಿತು ಎಂದು ಎಲ್ಲರೂ ನೋಡಿದ್ದೇವೆ. ಹತ್ತು ವರ್ಷ ಹಾಳು.

ಗಣಿತದ_ಟೀಚರ್
@ಬೇಏರಿಯಾ_ಕನ್ನಡಿಗ ಸರ್, ಅಲ್ಲಿ ದೊಡ್ಡ ಜಗಳ ನಡೆದದ್ದು ಆಲ್ಜಿಬ್ರಾ ಬಗ್ಗೆ. 2014ರಿಂದ ಎಂಟನೇ ಕ್ಲಾಸಿನಲ್ಲಿ ಆಲ್ಜಿಬ್ರಾ 1 ಕೊಡುವುದನ್ನು ನಿಲ್ಲಿಸಿ, ಎಲ್ಲರೂ ಒಂಬತ್ತರಲ್ಲೇ ಕಲಿಯಲಿ ಎಂದರು. 2024ರ ಫೆಬ್ರವರಿಯಲ್ಲಿ ಸ್ಕೂಲ್ ಬೋರ್ಡ್ ಅದನ್ನು ವಾಪಸ್ ತರಲು ಒಪ್ಪಿತು. ಮುಂದಿನ ತಿಂಗಳೇ ಊರಿನ ಜನ, ಎಂಟರಲ್ಲಿ ಆಲ್ಜಿಬ್ರಾ ವಾಪಸ್ ಕೊಡಿ ಎಂದು ಕೇಳುವ ಪ್ರಾಪೊಸಿಷನ್ ಜಿಗೆ ಭಾರೀ ಬಹುಮತದಿಂದ ಓಟು ಹಾಕಿದರು.

ಈ ಎರಡನ್ನೂ ಒಂದೇ ಬುಟ್ಟಿಗೆ ಹಾಕಬಾರದು. ಸ್ಯಾನ್ ಫ್ರಾನ್ಸಿಸ್ಕೊ ಮಾಡಿದ್ದು ಮೇಲಿನ ಮೆಟ್ಟಿಲನ್ನೇ ತೆಗೆದಿದ್ದು. ಹಾಸನದ ಅಕ್ಕನ ಡಿಸ್ಟ್ರಿಕ್ಟ್ ಹೇಳುತ್ತಿರುವುದು ಮೆಟ್ಟಿಲು ಇರಲಿ, ಕಾವಲುಗಾರ ಬೇಡ ಎಂದು.

ಬೇಏರಿಯಾ_ಕನ್ನಡಿಗ
ಸರಿ, ತಿದ್ದಿದ್ದಕ್ಕೆ ಥ್ಯಾಂಕ್ಸ್. ಆದರೆ ಭಯ ಅದೇ. ಇವತ್ತು ಕಾವಲುಗಾರನನ್ನು ತೆಗೆಯುತ್ತಾರೆ, ನಾಳೆ ಮೆಟ್ಟಿಲು ತೆಗೆಯುತ್ತಾರೆ. ನಮ್ಮ ಪಕ್ಕದ ಮನೆಯವರು ಆ ವರ್ಷಗಳಲ್ಲಿ ದುಡ್ಡು ಕೊಟ್ಟು ಹೊರಗೆ ಆಲ್ಜಿಬ್ರಾ ಮಾಡಿಸಿದರು. ಅದು ಆಗದವರ ಮಕ್ಕಳು ಏನು ಮಾಡಬೇಕಿತ್ತು? ಸಮಾನತೆ ಎಂದು ಹೇಳಿ ಬಡವರಿಗೇ ಅನ್ಯಾಯ ಆಯಿತು.

ಉಡುಪಿ_ಅಮ್ಮ
ಯಾಕೆ ಎಂಟರಲ್ಲೇ ಆಲ್ಜಿಬ್ರಾ ಬೇಕು? ನನ್ನ ಮಗಳು ಇನ್ನೂ ಐದನೇ ಕ್ಲಾಸು. ಈ ಲೆಕ್ಕ ನನಗೆ ಅರ್ಥವಾಗುತ್ತಿಲ್ಲ.

ಗಣಿತದ_ಟೀಚರ್
@ಉಡುಪಿ_ಅಮ್ಮ ಬೆರಳು ಮಡಚಿ ನೋಡಿ. ಎಂಟರಲ್ಲಿ ಆಲ್ಜಿಬ್ರಾ 1, ಒಂಬತ್ತರಲ್ಲಿ ಜಾಮೆಟ್ರಿ, ಹತ್ತರಲ್ಲಿ ಆಲ್ಜಿಬ್ರಾ 2, ಹನ್ನೊಂದರಲ್ಲಿ ಪ್ರಿಕ್ಯಾಲ್ಕುಲಸ್, ಹನ್ನೆರಡರಲ್ಲಿ ಕ್ಯಾಲ್ಕುಲಸ್. ಒಂಬತ್ತರಲ್ಲಿ ಶುರು ಮಾಡಿದರೆ ಕ್ಯಾಲ್ಕುಲಸ್ ಮುಟ್ಟಲು ನಡುವೆ ಎಲ್ಲಾದರೂ ಒಂದು ವರ್ಷದಲ್ಲಿ ಎರಡು ಕೋರ್ಸ್ ಮಾಡಬೇಕು, ಇಲ್ಲವೇ ಬೇಸಿಗೆ ರಜೆ ಕೊಡಬೇಕು. ಎಂಜಿನಿಯರಿಂಗ್ ಕಡೆ ಹೋಗುವ ಮಕ್ಕಳ ಅಪ್ಪ ಅಮ್ಮ ಅದಕ್ಕೇ ಅಷ್ಟು ಒದ್ದಾಡುತ್ತಾರೆ. ಕ್ಯಾಲ್ಕುಲಸ್ ಎಲ್ಲರಿಗೂ ಬೇಕಾಗಿಲ್ಲ. ಆದರೆ 12 ವರ್ಷಕ್ಕೇ ಆ ದಾರಿ ಮುಚ್ಚಿಹೋಗಬಾರದು.

ಉಡುಪಿ_ಅಮ್ಮ
ಈಗ ಗೊತ್ತಾಯಿತು. ಇದನ್ನು ಯಾಕೆ ಶಾಲೆಯವರು ಹೀಗೆ ಹೇಳುವುದಿಲ್ಲ ಮಾರಾಯ್ರೆ!

ನವೋದಯದವನು
ನಾನು ಸ್ವಲ್ಪ ಬೇರೆ ಕಡೆಯಿಂದ ಹೇಳುತ್ತೇನೆ. ರಾಯಚೂರು ಜಿಲ್ಲೆಯ ಹಳ್ಳಿ. ಐದನೇ ಕ್ಲಾಸಿನಲ್ಲಿ ನಮ್ಮ ಮೇಷ್ಟ್ರು ಸೈಕಲ್ ಮೇಲೆ ಕೂರಿಸಿಕೊಂಡು ಹೋಗಿ ನವೋದಯ ಪರೀಕ್ಷೆ ಬರೆಸಿದರು. ಆರನೇ ಕ್ಲಾಸಿಗೆ ಒಂದು ಶಾಲೆಗೆ ಹೆಚ್ಚೆಂದರೆ 80 ಸೀಟು. ನನಗೆ ಸಿಕ್ಕಿತು. ನನ್ನ ಓರಗೆಯ ಹುಡುಗನಿಗೆ ಸಿಗಲಿಲ್ಲ, ಅವನು ಏಳಕ್ಕೆ ಬಿಟ್ಟ. ಆರಿಸಿ ತೆಗೆದು ಚೆನ್ನಾಗಿ ಕಲಿಸುವ ಶಾಲೆ ಇರದಿದ್ದರೆ ನಾನು ಇವತ್ತು ಈ ದೇಶದಲ್ಲಿ ಇರುತ್ತಿರಲಿಲ್ಲ. ಅದಕ್ಕೆ, ಆರಿಸುವುದೇ ತಪ್ಪು ಎಂದು ಯಾರಾದರೂ ಹೇಳಿದರೆ ನನಗೆ ಸಂಕಟವಾಗುತ್ತದೆ.

ಹಾಸನದ_ಹುಡುಗಿ
ಅಣ್ಣ, ನಿಮ್ಮ ಮಾತು ಮನಸ್ಸಿಗೆ ತಟ್ಟಿತು. ಆದರೆ ಆ ಓರಗೆಯ ಹುಡುಗ ನಿಮಗಿಂತ ದಡ್ಡನಾಗಿದ್ದನಾ?

ನವೋದಯದವನು
ಇಲ್ಲ ತಂಗಿ. ಮಗ್ಗಿಯಲ್ಲಿ ನನಗಿಂತ ಚುರುಕು. ಪರೀಕ್ಷೆ ಹೊತ್ತಿಗೆ ಅವರ ಮನೆಯಲ್ಲಿ ಹತ್ತಿ ಬಿಡಿಸುವ ಕೆಲಸ ಇತ್ತು, ಓದಲು ಬಿಡಲಿಲ್ಲ.

ಧಾರವಾಡದ_ಅಪ್ಪ
ನೋಡ್ರಿ, ಇಲ್ಲೇ ವ್ಯತ್ಯಾಸ ಇರುವುದು. ನವೋದಯದಲ್ಲಿ ಕನಿಷ್ಠ 75% ಸೀಟು ಹಳ್ಳಿ ಮಕ್ಕಳಿಗೆ, ಮೂರನೇ ಒಂದು ಭಾಗ ಹುಡುಗಿಯರಿಗೆ. ಅಂದರೆ ಅವಕಾಶ ಇಲ್ಲದ ಮಗುವನ್ನು ಹುಡುಕಿಕೊಂಡು ಹೋಗುವ ಪದ್ಧತಿ ಅದು. ಇಲ್ಲಿ ನಾವು ಏನು ಮಾಡುತ್ತಿದ್ದೇವೆ? ಆರೂವರೆ ವರ್ಷದ ಕೂಸಿಗೆ ಭಾನುವಾರ ಬೆಳಿಗ್ಗೆ ಕೋಗ್ಯಾಟ್ ಕೋಚಿಂಗ್! ಭಾಷೆ, ಸಂಖ್ಯೆ, ಆಕೃತಿ ಎಂದು ಮೂರು ಭಾಗ, ಮೂರಕ್ಕೂ ಬೇರೆ ಬೇರೆ ಪುಸ್ತಕ. ಮಗುವಿಗೆ ಹೊಸದಾಗಿ ಎದುರಾದ ಒಗಟನ್ನು ಬಿಡಿಸಲು ಬರುತ್ತದೆಯೇ ಎಂದು ನೋಡುವ ಪರೀಕ್ಷೆ ಅದು. ನಾವು ಅದೇ ಒಗಟನ್ನು 200 ಸಲ ಮಾಡಿಸಿ ಕಳಿಸುತ್ತೇವೆ. ಆಮೇಲೆ ‘ನಮ್ಮ ಮಗು ಹುಟ್ಟಾ ಜಾಣ’ ಎನ್ನುತ್ತೇವೆ. ನಾನೂ ಮಾಡಿದ್ದೇನೆ, ಅದಕ್ಕೇ ಹೇಳುತ್ತಿದ್ದೇನೆ. ಅದು ತಪ್ಪು ಎಂದು ಈಗ ಅನ್ನಿಸುತ್ತದೆ.

ಮಂಡ್ಯ_ಮೇರಿಲ್ಯಾಂಡ್
ಕೋಚಿಂಗ್ ಕೊಡಿಸುವುದು ಅಪರಾಧ ಏನಲ್ಲ. ನಮ್ಮ ಅಪ್ಪ ಗದ್ದೆ ಅಡ ಇಟ್ಟು ನನಗೆ ಸಿಇಟಿ ಟ್ಯೂಷನ್ ಹಾಕಿಸಿದರು. ಮಕ್ಕಳಿಗಾಗಿ ಕಷ್ಟಪಡುವವರನ್ನು ಯಾಕೆ ಬೈಯುತ್ತೀರಿ?

ಧಾರವಾಡದ_ಅಪ್ಪ
ಬೈಯುತ್ತಿಲ್ಲ ಸರ್. ಕಷ್ಟಪಡಲು ದುಡ್ಡಿಲ್ಲದವರ ಮಗುವಿನ ಗತಿ ಏನು ಎಂದು ಕೇಳುತ್ತಿದ್ದೇನೆ. ನಿಮ್ಮ ಅಪ್ಪನಿಗೆ ಗದ್ದೆಯಾದರೂ ಇತ್ತು.

ಮಂಡ್ಯ_ಮೇರಿಲ್ಯಾಂಡ್
ಅದೂ ಸರಿ ಬಿಡಿ.

ನಮ್ಮ ಕಡೆ ಏನಾಯಿತು ಹೇಳುತ್ತೇನೆ. ಮಾಂಟ್ಗೊಮರಿ ಕೌಂಟಿಯಲ್ಲಿ ಕೊರೊನಾ ಬಂದ ಮೇಲೆ ಮಿಡಲ್ ಸ್ಕೂಲ್ ಮ್ಯಾಗ್ನೆಟ್‌ಗೆ (ಆಯ್ದ ಮಕ್ಕಳಿಗೆ ನಡೆಸುವ ವಿಶೇಷ ಕಾರ್ಯಕ್ರಮ) ಲಾಟರಿ ತಂದರು. ಅರ್ಹರಾದ ಮಕ್ಕಳ ಹೆಸರು ಹಾಕಿ ಎತ್ತುತ್ತಾರೆ. ನನ್ನ ಮಗಳು ಅರ್ಹಳು ಎಂದು ಕಾಗದ ಬಂತು, ಲಾಟರಿಯಲ್ಲಿ ಹೆಸರು ಬರಲಿಲ್ಲ. ಅವಳು ಅತ್ತಿದ್ದು ಇನ್ನೂ ಕಣ್ಣ ಮುಂದೆ ಇದೆ. ಓದು ಎಂಬುದು ಚೀಟಿ ಎತ್ತುವ ವಿಷಯವೇ? ಅರ್ಹರು ಇಷ್ಟು ಜನ ಇದ್ದರೆ ಇನ್ನೂ ನಾಲ್ಕು ಕ್ಲಾಸ್ ತೆರೆಯಿರಿ. ಸೀಟು ಕಡಿಮೆ ಇಟ್ಟು ಮಕ್ಕಳನ್ನು ಕಿತ್ತಾಡಿಸುವುದು ಯಾವ ನ್ಯಾಯ?

ಹಾಸನದ_ಹುಡುಗಿ
ಇದನ್ನೇ ನಾನು ಹೇಳಲು ಒದ್ದಾಡುತ್ತಿದ್ದೆ! ಬಾಗಿಲಿಗೆ ‘ಸೀಟು ಇಷ್ಟೇ’ ಎಂದು ಫಲಕ ತೂಗುಹಾಕಿದರೆ ಯಾರು ಒಳಗೆ ಯಾರು ಹೊರಗೆ ಎಂದು ನಾವು ಜಗಳ ಆಡುತ್ತೇವೆ. ಕೋಣೆಗಳು ಯಾಕೆ ಇಷ್ಟೇ ಇವೆ ಎಂದು ಯಾರೂ ಕೇಳುವುದಿಲ್ಲ.

ಫ್ರಿಸ್ಕೊ_ಅಮ್ಮ
ಟೆಕ್ಸಸ್‌ನಲ್ಲಿ ಒಂದು ಒಳ್ಳೆಯ ಕಾನೂನು ಬಂದಿದೆ. 2023ರಲ್ಲಿ ಪಾಸಾದ ಸೆನೆಟ್ ಬಿಲ್ 2124. ಐದನೇ ಕ್ಲಾಸಿನಲ್ಲಿ ರಾಜ್ಯ ನಡೆಸುವ ಸ್ಟಾರ್ ಪರೀಕ್ಷೆಯ ಗಣಿತದಲ್ಲಿ ಮೇಲಿನ 40%ರಲ್ಲಿ ಬಂದ ಮಗುವನ್ನು ಆರನೇ ಕ್ಲಾಸಿನ ಅಡ್ವಾನ್ಸ್ಡ್ ಗಣಿತಕ್ಕೆ ತಾನಾಗಿಯೇ ಸೇರಿಸಬೇಕು. ಬೇಡವಾದರೆ ಅಪ್ಪ ಅಮ್ಮ ಬರೆದುಕೊಡಬೇಕು. ಮೊದಲು ‘ಬೇಕು’ ಎಂದು ಕೇಳಿದವರಿಗೆ ಸಿಗುತ್ತಿತ್ತು. ಡಾಲಸ್ ಡಿಸ್ಟ್ರಿಕ್ಟ್ ಇದನ್ನು ಕಾನೂನು ಬರುವ ಮೊದಲೇ ಶುರು ಮಾಡಿತ್ತು, ಅಲ್ಲಿ ಕಪ್ಪು ಮತ್ತು ಹಿಸ್ಪ್ಯಾನಿಕ್ ಮಕ್ಕಳ ಸಂಖ್ಯೆ ಆನರ್ಸ್‌ನಲ್ಲಿ ತುಂಬಾ ಏರಿತು.

ಜೊತೆಗೆ ಇಲ್ಲಿ ಪ್ರತಿ ಡಿಸ್ಟ್ರಿಕ್ಟ್‌ನಲ್ಲೂ ಗಿಫ್ಟೆಡ್ ಕಾರ್ಯಕ್ರಮ ಇರಲೇಬೇಕು ಎಂಬ ಕಾನೂನು ಮೊದಲಿನಿಂದಲೂ ಇದೆ. ಅಂದರೆ ಎರಡೂ ಒಟ್ಟಿಗೆ ಇರಬಹುದು. ಒಂದನ್ನು ಕೊಂದು ಇನ್ನೊಂದನ್ನು ಸಾಕಬೇಕಿಲ್ಲ.

ಎರಡು_ಮಕ್ಕಳ_ಅಪ್ಪ
ನೋಡಿ, ಇದು ಸರಿ. ಎರಡೂ ಇರಲಿ. ನಾನು ಹೇಳಿದ್ದೂ ಇದೇ.

ಉಡುಪಿ_ಅಮ್ಮ
ನೀವು ಹೇಳಿದ್ದು ‘ಎಲ್ಲರಿಗೂ ಆನರ್ಸ್ ಎಂದರೆ ಯಾರಿಗೂ ಇಲ್ಲ’ ಎಂದು 😊

ಅಂಕಿಅಂಶ_ಅಕ್ಕ
ಫ್ಲಾರಿಡಾದ ಬ್ರಾವರ್ಡ್ ಕೌಂಟಿಯ ಉದಾಹರಣೆ ಇಲ್ಲಿ ಹೇಳಲೇಬೇಕು. ಅಲ್ಲಿ ಮೊದಲು ಟೀಚರ್ ಅಥವಾ ಅಪ್ಪ ಅಮ್ಮ ಹೆಸರು ಸೂಚಿಸಿದ ಮಗುವಿಗೆ ಮಾತ್ರ ಪರೀಕ್ಷೆ. 2005ರಲ್ಲಿ ಎರಡನೇ ಕ್ಲಾಸಿನ ಎಲ್ಲ ಮಕ್ಕಳಿಗೂ ಮೊದಲ ಸುತ್ತಿನ ಪರೀಕ್ಷೆ ಇಟ್ಟರು. ಗಿಫ್ಟೆಡ್ ಎನ್ನಿಸಿಕೊಳ್ಳುವ ಅಂಕವನ್ನು ಇಳಿಸಲಿಲ್ಲ. ಆದರೂ ಕಪ್ಪು ಮಕ್ಕಳು, ಹಿಸ್ಪ್ಯಾನಿಕ್ ಮಕ್ಕಳು, ಬಡ ಮಕ್ಕಳು ಮೊದಲಿಗಿಂತ ಬಹಳ ಜಾಸ್ತಿ ಸಿಕ್ಕರು. ಆ ಮಕ್ಕಳು ಮೊದಲೂ ಅಲ್ಲೇ ಇದ್ದರು. ಯಾರೂ ನೋಡಿರಲಿಲ್ಲ. ಇದನ್ನು ಅಧ್ಯಯನ ಮಾಡಿದವರು ಡೇವಿಡ್ ಕಾರ್ಡ್ ಮತ್ತು ಲಾರಾ ಜೂಲಿಯಾನೊ. ಕಾರ್ಡ್ ಅವರಿಗೆ 2021ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು (ಬೇರೆ ಕೆಲಸಕ್ಕೆ). ಮುಂದೆ ದುಡ್ಡಿನ ತೊಂದರೆಯಲ್ಲಿ ಆ ಪರೀಕ್ಷೆ ಕಡಿತವಾದಾಗ ಲಾಭವೂ ಕರಗಿತು.

ಇನ್ನೊಂದು ವಿಷಯ. ಅಲ್ಲಿನ ಗಿಫ್ಟೆಡ್ ಕ್ಲಾಸಿನಲ್ಲಿ ಗಿಫ್ಟೆಡ್ ಮಕ್ಕಳು ಸೇರಿ ಉಳಿದ ಸೀಟುಗಳನ್ನು ಚೆನ್ನಾಗಿ ಓದುವ ಬೇರೆ ಮಕ್ಕಳಿಗೆ ಕೊಡುತ್ತಿದ್ದರು. ಹಾಗೆ ಬಂದ ಕಪ್ಪು ಮತ್ತು ಹಿಸ್ಪ್ಯಾನಿಕ್ ಮಕ್ಕಳ ಗಣಿತ, ಓದು ಎರಡೂ ಏರಿದವು. ಪಕ್ಕದಲ್ಲಿ ಕೂತ ಗಿಫ್ಟೆಡ್ ಮಕ್ಕಳಿಗೆ ನಷ್ಟ ಆಗಲಿಲ್ಲ. ಹಾಗಾಗಿ ಬಾಗಿಲು ಅಗಲ ಮಾಡಿದರೆ ಪಾಠ ತೆಳ್ಳಗಾಗುತ್ತದೆ ಎಂಬುದು ಯಾವಾಗಲೂ ನಿಜವಲ್ಲ.

ಪರೀಕ್ಷೆ ಎಷ್ಟು ಕಣ್ಣು ತಪ್ಪಿಸುತ್ತದೆ ಎನ್ನುವುದಕ್ಕೆ ಹಳೆಯ ಕಥೆಯೂ ಇದೆ. 1920ರ ದಶಕದಲ್ಲಿ ಸ್ಟ್ಯಾನ್‌ಫರ್ಡ್‌ನ ಲೂಯಿಸ್ ಟರ್ಮನ್ ಐಕ್ಯೂ ನೋಡಿ ಸಾವಿರಕ್ಕೂ ಹೆಚ್ಚು ಜಾಣ ಮಕ್ಕಳನ್ನು ಆರಿಸಿದರು. ಆಗ ಪರೀಕ್ಷೆ ಬರೆದು ಆಯ್ಕೆಯಾಗದ ಇಬ್ಬರು ಹುಡುಗರು ವಿಲಿಯಂ ಶಾಕ್ಲಿ ಮತ್ತು ಲೂಯಿಸ್ ಆಲ್ವರೆಜ್. ಇಬ್ಬರಿಗೂ ಮುಂದೆ ಭೌತಶಾಸ್ತ್ರದ ನೊಬೆಲ್ ಬಂತು. ಆಯ್ಕೆಯಾದವರಲ್ಲಿ ಒಬ್ಬರಿಗೂ ಬರಲಿಲ್ಲ.

ಬೇಏರಿಯಾ_ಕನ್ನಡಿಗ
ಶಾಕ್ಲಿ ಕಥೆ ಗೊತ್ತಿರಲಿಲ್ಲ! ಮಗಳಿಗೆ ಹೇಳುತ್ತೇನೆ.

ಎರಡು_ಮಕ್ಕಳ_ಅಪ್ಪ
ನೊಬೆಲ್ ಕಥೆ ಕೇಳಲು ಚೆನ್ನಾಗಿದೆ. ಆದರೆ ನನ್ನ ಪ್ರಶ್ನೆ ನಾಳೆ ಬೆಳಿಗ್ಗೆಯದು. ಏಳನೇ ಕ್ಲಾಸಿನ ಆನರ್ಸ್ ಗಣಿತದಲ್ಲಿ 30 ಮಕ್ಕಳು. ಐದು ಜನಕ್ಕೆ ಆಲ್ಜಿಬ್ರಾ ಬರುತ್ತದೆ. ಹತ್ತು ಜನಕ್ಕೆ ಭಿನ್ನರಾಶಿ ಕೂಡಿಸಲು ಬರುವುದಿಲ್ಲ. ಟೀಚರ್ ಒಬ್ಬರು. ಅವರು ಯಾರಿಗೆ ಕಲಿಸುತ್ತಾರೆ? ಗಣಿತದ ಟೀಚರ್ ಅವರೇ, ನೀವೇ ಹೇಳಿ.

ಗಣಿತದ_ಟೀಚರ್
ಪ್ರಾಮಾಣಿಕವಾಗಿ ಹೇಳುತ್ತೇನೆ. ನಾನು ಪಬ್ಲಿಕ್ ಮಿಡಲ್ ಸ್ಕೂಲಿನಲ್ಲಿ 11 ವರ್ಷದಿಂದ ಕಲಿಸುತ್ತಿದ್ದೇನೆ. ಬೇರೆ ಏನೂ ಬದಲಿಸದೆ ಬಾಗಿಲು ಮಾತ್ರ ತೆರೆದರೆ ನಿಮ್ಮ ಭಯ ನಿಜವಾಗುತ್ತದೆ. ಮೊದಲು ನಾನಿದ್ದ ಒಂದು ಶಾಲೆಯಲ್ಲಿ ಹಾಗೇ ಆಯಿತು. ಬೇಸಿಗೆಯಲ್ಲಿ ಒಂದು ಈಮೇಲ್ ಬಂತು, ಸೆಪ್ಟೆಂಬರಿಗೆ ಎಲ್ಲವೂ ಆನರ್ಸ್. ಪುಸ್ತಕ ಅದೇ, ತರಬೇತಿ ಇಲ್ಲ, ಹೆಚ್ಚಿನ ಪೀರಿಯಡ್ ಇಲ್ಲ. ನವೆಂಬರಿಗೆ ಹಿಂದಿನ ಬೆಂಚಿನ ಹುಡುಗರು ಬ್ಯಾಗ್‌ನಿಂದ ಪುಸ್ತಕ ತೆಗೆಯುವುದನ್ನೇ ಬಿಟ್ಟರು. ಮುಂದಿನ ಬೆಂಚಿನವರು ಡೆಸ್ಕ್ ಕೆಳಗೆ ಕಥೆ ಪುಸ್ತಕ ಓದುತ್ತಿದ್ದರು. ನಾನು ನಡುವಿನ ಹನ್ನೆರಡು ಮಕ್ಕಳಿಗೆ ಪಾಠ ಮಾಡುತ್ತಿದ್ದೆ. ಎಷ್ಟೋ ಸಂಜೆ ಕಾರಿನಲ್ಲಿ ಕೂತು ಅತ್ತಿದ್ದೇನೆ.

ಶಿಕಾಗೋದಲ್ಲಿ ಎರಡೂ ರೀತಿ ಆಗಿದೆ. 1997ರಲ್ಲಿ ಒಂಬತ್ತನೇ ಕ್ಲಾಸಿನ ಎಲ್ಲರಿಗೂ ಆಲ್ಜಿಬ್ರಾ ಕಡ್ಡಾಯ ಮಾಡಿದರು. ಫೇಲಾಗುವವರು ಜಾಸ್ತಿ ಆದರು, ಅಂಕ ಏರಲಿಲ್ಲ. 2003ರಲ್ಲಿ ಹಿಂದೆ ಉಳಿದ ಮಕ್ಕಳಿಗೆ ದಿನಕ್ಕೆ ಎರಡು ಪೀರಿಯಡ್ ಆಲ್ಜಿಬ್ರಾ ಕೊಟ್ಟರು, ಟೀಚರ್‌ಗಳಿಗೆ ತರಬೇತಿಯನ್ನೂ ಕೊಟ್ಟರು. ಆ ಮಕ್ಕಳಲ್ಲಿ ಹೈಸ್ಕೂಲ್ ಮುಗಿಸಿದವರು, ಕಾಲೇಜಿಗೆ ಹೋದವರು ಹೆಚ್ಚಾದರು. ಊರು ಅದೇ, ಮಕ್ಕಳೂ ಅಂಥವರೇ. ಆ ಹೆಚ್ಚಿನ ಪೀರಿಯಡ್ ಮತ್ತು ತರಬೇತಿಯೇ ವ್ಯತ್ಯಾಸ.

ಈಗಿನ ಶಾಲೆಯಲ್ಲಿ ನನಗೆ ಆ ಎರಡನೇ ಪೀರಿಯಡ್ ಇದೆ. ಒಬ್ಬ ಹುಡುಗನ ವಿಷಯ ಹೇಳಿ ಮುಗಿಸುತ್ತೇನೆ. ಎಲ್ ಸಾಲ್ವಡೋರ್‌ನಿಂದ ಬಂದ ಮನೆ, ಅಮ್ಮ ಮನೆ ಕ್ಲೀನ್ ಮಾಡುವ ಕೆಲಸ. ಗಿಫ್ಟೆಡ್‌ಗೆ ಅಪ್ಪ ಅಮ್ಮನೇ ಹೆಸರು ಕೊಡಬಹುದು, ಅದಕ್ಕೊಂದು ಫಾರಂ ಇದೆ ಎಂದು ಆಕೆಗೆ ಗೊತ್ತೇ ಇರಲಿಲ್ಲ. ಹುಡುಗ ತಾನೇ ಆನರ್ಸ್ ಬಾಕ್ಸಿಗೆ ಟಿಕ್ ಹಾಕಿ ಬಂದ. ಮೊದಲ ಟೆಸ್ಟಿನಲ್ಲಿ 41. ಪೀರಿಯಡ್ ತಪ್ಪಿಸಲಿಲ್ಲ. ಈ ವರ್ಷ ಅವನು ಮ್ಯಾತ್‌ಕೌಂಟ್ಸ್ ಎಂಬ ಗಣಿತ ಸ್ಪರ್ಧೆಗೆ ಹೋಗುವ ನಮ್ಮ ಶಾಲೆಯ ತಂಡದಲ್ಲಿದ್ದಾನೆ.

ನವೋದಯದವನು
ಆ ಹುಡುಗನನ್ನು ನನ್ನ ಪರವಾಗಿ ಬೆನ್ನು ತಟ್ಟಿ ಮೇಡಂ.

ಮಂಡ್ಯ_ಮೇರಿಲ್ಯಾಂಡ್
ಎಎಂಸಿ 8 ಎಂಬ ಗಣಿತ ಸ್ಪರ್ಧೆಗೂ ಕೂರಿಸಿ. 40 ನಿಮಿಷ, 25 ಪ್ರಶ್ನೆ. ತಪ್ಪಿಗೆ ಅಂಕ ಕಳೆಯುವುದಿಲ್ಲ. ಧೈರ್ಯ ಬರುತ್ತದೆ.

ಧಾರವಾಡದ_ಅಪ್ಪ
ಸ್ವಲ್ಪ ಬೇರೆ ವಿಷಯ. ಭಾನುವಾರದ ಕೋಚಿಂಗಿನಿಂದ ನಮ್ಮ ಕನ್ನಡ ಕಲಿ ಕ್ಲಾಸಿಗೆ ಮಕ್ಕಳು ಕಡಿಮೆಯಾಗಿದ್ದಾರೆ. ಹೋದ ವರ್ಷ 14, ಈ ವರ್ಷ ಆರು. ಎರಡು ಭಾಷೆ ಬಂದರೆ ಮಗುವಿಗೆ ನಷ್ಟವೇನು?

ಫ್ರಿಸ್ಕೊ_ಅಮ್ಮ
ನಮ್ಮಲ್ಲಿ ಅದನ್ನು ಶನಿವಾರ ಸಂಜೆಗೆ ಹಾಕಿದ ಮೇಲೆ ಬರುತ್ತಿದ್ದಾರೆ. ಕ್ಲಾಸ್ ಆದ ಮೇಲೆ ಚುರುಮುರಿ ಕೊಡುತ್ತೇವೆ, ಅದಕ್ಕಾದರೂ ಬರುತ್ತಾರೆ.

ಬೇಏರಿಯಾ_ಕನ್ನಡಿಗ
ವಿಷಯಕ್ಕೆ ಬನ್ನಿ. ಫೇರ್‌ಫ್ಯಾಕ್ಸ್ ಕೌಂಟಿಯಲ್ಲಿ ಎರಡೂ ಇದೆ ಎಂದು ಕೇಳಿದ್ದೇನೆ. ಹೌದಾ?

ಅಂಕಿಅಂಶ_ಅಕ್ಕ
ಹೌದು. ಅಲ್ಲಿ ಎರಡನೇ ಕ್ಲಾಸಿನಲ್ಲಿ ನೋಡಿ ಎಎಪಿ ಎಂಬ ಪೂರ್ಣ ಕಾರ್ಯಕ್ರಮಕ್ಕೆ ಆರಿಸುತ್ತಾರೆ, ಅದು ಎಂಟರವರೆಗೂ ಇದೆ. ಅದರ ಜೊತೆಗೆ ಮಿಡಲ್ ಸ್ಕೂಲಿನಲ್ಲಿ ಆನರ್ಸ್ ಎಲ್ಲರಿಗೂ ತೆರೆದಿದೆ. ಅದೇ ಕೌಂಟಿಯಲ್ಲಿರುವ ಥಾಮಸ್ ಜೆಫರ್ಸನ್ ಹೈಸ್ಕೂಲಿನ ಪ್ರವೇಶ ಪರೀಕ್ಷೆಯನ್ನು 2020ರಲ್ಲಿ ತೆಗೆದರು. ಪ್ರತಿ ಮಿಡಲ್ ಸ್ಕೂಲಿಗೂ ಅದರ ಎಂಟನೇ ಕ್ಲಾಸಿನ 1.5%ರಷ್ಟು ಸೀಟು ಇಟ್ಟರು. ಕೇಸು ಸುಪ್ರೀಂ ಕೋರ್ಟ್ ತನಕ ಹೋಯಿತು, 2024ರ ಫೆಬ್ರವರಿಯಲ್ಲಿ ಅವರು ಕೈಗೆತ್ತಿಕೊಳ್ಳಲಿಲ್ಲ. ಆ ವಿಷಯ ತೆಗೆದರೆ ಈ ಚರ್ಚೆ ನಾಳೆಯೂ ಮುಗಿಯುವುದಿಲ್ಲ, ಬಿಟ್ಟುಬಿಡೋಣ.

ಎರಡು_ಮಕ್ಕಳ_ಅಪ್ಪ
ಟೀಚರ್ ಮೇಡಂ ಹೇಳಿದ್ದನ್ನು ಎರಡು ಸಲ ಓದಿದೆ. ಆ ಹೆಚ್ಚಿನ ಪೀರಿಯಡ್ ಕೊಡುತ್ತಾರೆ, ಆಲ್ಜಿಬ್ರಾ ಮುಟ್ಟುವ ಮಕ್ಕಳನ್ನು ತಡೆಯುವುದಿಲ್ಲ ಎಂದು ಬರೆದುಕೊಟ್ಟರೆ ನನ್ನ ವಿರೋಧ ಅರ್ಧ ಕಡಿಮೆಯಾಗುತ್ತದೆ. ಪೂರ್ತಿ ಅಲ್ಲ. ನನ್ನ ಮಗನಿಗೆ ಆ ಇಬ್ಬರು ಗೆಳೆಯರು ಸಿಕ್ಕಿದ್ದು ಆ ಕ್ಲಾಸಿನಿಂದ. ಅದನ್ನು ಕಡಿಮೆ ಎಂದು ನೋಡಬೇಡಿ.

ಹಾಸನದ_ಹುಡುಗಿ
ಖಂಡಿತ ನೋಡುವುದಿಲ್ಲ ಅಣ್ಣ. ನನ್ನ ಮಗನದೂ ಅದೇ ಕಥೆ.

ನಿನ್ನೆ ರಾತ್ರಿ ಇದನ್ನೆಲ್ಲ ಗಂಡನಿಗೆ ಓದಿ ಹೇಳಿದೆ. ಅರ್ಜಿಗೆ ನಾನು ಸಹಿ ಹಾಕುತ್ತಿಲ್ಲ. ಅದರಲ್ಲಿ ‘ಆನರ್ಸ್ ತೆರೆಯಬೇಡಿ’ ಎಂಬ ಸಾಲಿದೆ, ಅದಕ್ಕೆ ನನ್ನ ಹೆಸರು ಸೇರುವುದಿಲ್ಲ. ಬೇರೆ ಪತ್ರ ಬರೆದಿದ್ದೇನೆ. ಆನರ್ಸ್ ತೆರೆಯಿರಿ, ಆದರೆ ಮೊದಲ ದಿನದಿಂದಲೇ ಗಣಿತಕ್ಕೆ ಎರಡನೇ ಪೀರಿಯಡ್ ಇರಲಿ. ಟೀಚರ್‌ಗಳಿಗೆ ಬೇಸಿಗೆಯಲ್ಲೇ ಸಂಬಳ ಕೊಟ್ಟು ತರಬೇತಿ ಕೊಡಿ. ಏಳರಲ್ಲೇ ಆಲ್ಜಿಬ್ರಾಕ್ಕೆ ತಯಾರಿರುವ ಮಗುವನ್ನು ತಡೆಯಬೇಡಿ. ಆನರ್ಸ್ ಎಂಬ ಆಯ್ಕೆ ಇದೆ ಎಂದು ಪ್ರತಿ ಮನೆಗೂ ಅವರ ಭಾಷೆಯಲ್ಲಿ ಕಾಗದ ಕಳಿಸಿ. ಗಂಡ ತಮ್ಮ ಸಹಿ ವಾಪಸ್ ಪಡೆದಿಲ್ಲ, ಆದರೆ ಇದಕ್ಕೂ ಹಾಕಿದ್ದಾರೆ.

ಮಗಳನ್ನು ಕೇಳಿದೆ, ಮುಂದಿನ ವರ್ಷ ಆನರ್ಸ್ ತೆಗೆದುಕೊಳ್ಳುತ್ತೀಯಾ ಎಂದು. ‘ಗಣಿತ, ವಿಜ್ಞಾನ ಎರಡೇ. ಇಂಗ್ಲಿಷ್ ಬೇಡ’ ಎಂದಳು. ‘ಬಸ್ ಯಾವುದು?’ ಎಂದು ಕೇಳಿದಳು. ಒಂದೇ ಬಸ್ ಎಂದೆ.

ಎರಡು_ಮಕ್ಕಳ_ಅಪ್ಪ
ಪತ್ರ ಇಲ್ಲಿ ಹಾಕಿ. ನಮ್ಮ ಡಿಸ್ಟ್ರಿಕ್ಟ್‌ನಲ್ಲೂ ಇದೇ ಮಾತು ಎದ್ದಿದೆ. ಗಿಫ್ಟೆಡ್ ಉಳಿಸಿ ಎಂಬ ಒಂದು ಸಾಲು ನಾನು ಸೇರಿಸುತ್ತೇನೆ. ಉಳಿದದ್ದು ನಿಮ್ಮದೇ ಇರಲಿ.

ಹಾಸನದ_ಹುಡುಗಿ
ಧಾರಾಳವಾಗಿ ಸೇರಿಸಿ. ಇಂಗ್ಲಿಷಿನಲ್ಲಿದೆ, ಇವತ್ತು ಸಂಜೆ ಹಾಕುತ್ತೇನೆ. ಬೋರ್ಡ್ ಸಭೆ ಮಂಗಳವಾರ ಏಳಕ್ಕೆ. ಒಬ್ಬರಿಗೆ ಎರಡು ನಿಮಿಷ ಮಾತ್ರ.

ಗಣಿತದ_ಟೀಚರ್
ಎರಡು ನಿಮಿಷ ಎಂದರೆ ಸುಮಾರು 250 ಪದ. ಗಡಿಯಾರ ಇಟ್ಟುಕೊಂಡು ಮೊದಲೇ ಓದಿ ನೋಡಿ ಅಕ್ಕ. ಎರಡನೇ ಪೀರಿಯಡ್ ವಿಷಯವನ್ನು ಮೊದಲು ಹೇಳಿ, ನಡುವೆ ಮೈಕ್ ಆಫ್ ಮಾಡುತ್ತಾರೆ.